ಕಾವಲುಗಾರನ ಹತ್ತಿರ ಇಲ್ಲದ್ದು

ನಾನು ಸೋಡಾ ಮಾಡುವವನು, ಹೆಸರು ಫಕ್ಕೀರಪ್ಪ. ನಮ್ಮ ಊರಿನಲ್ಲಿ ಇಷ್ಟು ಹೇಳಿದರೆ ಪರಿಚಯ ಮುಗಿಯುವುದಿಲ್ಲ, ಮನೆ ನಂಬರನ್ನೂ ಹೇಳಬೇಕು. ನನ್ನದು ನೂರಾ ನಲವತ್ತೊಂದು. ನಂಬರು ಕಿವಿಗೆ ಬಿದ್ದ ಕೂಡಲೇ ಎದುರಿನವರು ಬೆರಳು ಮಡಚಿ, ತುಟಿ ಅಲ್ಲಾಡಿಸಿ, "ಹಂಗಾರ ನಿಮ್ಮ ಸರದಿ ನಾಗರಪಂಚಮಿ ಮುಂದ ಬರ್ತದ" ಎಂದೋ, "ಅಯ್ಯ, ನಿಮ್ಮದು ಆಗಿಹೋತಲ್ಲ" ಎಂದೋ ಹೇಳುತ್ತಾರೆ. ಎರಡನೆಯದಾದರೆ ಚಹಾಕ್ಕೆ ಸಕ್ಕರೆ ಕಡಿಮೆ ಬೀಳುತ್ತದೆ. ಸರದಿ ಮುಗಿದವನನ್ನು ಯಾರು ಕೇಳುತ್ತಾರೆ?

ಊರಿನಲ್ಲಿ ಇನ್ನೂರ ಹನ್ನೆರಡು ಮನೆ, ಚಾವಡಿಯಲ್ಲಿ ಒಂದು ಯಂತ್ರ. ಯಂತ್ರಕ್ಕೆ ಗಾಜಿನ ಮುಖ, ಮುಖದ ಮೇಲೆ ಹಸಿರು ಅಕ್ಷರ, ಕೆಳಗೆ ಒತ್ತುವ ಗುಂಡಿಗಳು. ಅದರ ವೈರು ಗೋಡೆಯೊಳಗೆ ಹೋಗಿದೆ. ಗೋಡೆಯ ಆಚೆಗೆ ಏನೂ ಇಲ್ಲ, ಕುಲಕರ್ಣಿ ಮಾಸ್ತರರ ಎಮ್ಮೆ ಕಟ್ಟಿರುತ್ತದೆ. ಯಂತ್ರದೊಳಗೆ ಒಂದು ಕೋಟೆ ಇದೆ. ಚಿತ್ರಗಿತ್ರ ಇಲ್ಲ, ಬರೀ ಮಾತು. "ನೀವು ಕೋಟೆಯ ಹೊರಗೆ ನಿಂತಿದ್ದೀರಿ. ಉತ್ತರಕ್ಕೆ ಒಂದು ದಿಡ್ಡಿ ಬಾಗಿಲಿದೆ" ಎಂದು ಮೂವತ್ತೊಂದು ವರ್ಷದ ಹಿಂದೆ ಅದು ಶುರು ಹಚ್ಚಿಕೊಂಡಿತು. ನಾವು ಏನು ಮಾಡಬೇಕೆಂದಿದ್ದೇವೋ ಅದನ್ನು ಎರಡೇ ಪದದಲ್ಲಿ ಬರೆಯಬೇಕು: ಬಾಗಿಲು ತೆರೆ, ದೀಪ ಹಚ್ಚು, ಉತ್ತರಕ್ಕೆ ಹೋಗು. ಅದೂ ಪುಸ್ತಕದ ಕನ್ನಡದಲ್ಲಿ. ನಮ್ಮ ಓಣಿಯ ಮಾತು ಹಾಕಿದರೆ "ಅದು ನನಗೆ ಅರ್ಥವಾಗಲಿಲ್ಲ" ಎನ್ನುತ್ತದೆ. ಅರ್ಥವಾದರೆ ಏನಾಯಿತೆಂದು ಹೇಳುತ್ತದೆ. ಹೇಳಿದ ಮೇಲೆ ಮಾರನೆಯ ದಿನ ಬೆಳಿಗ್ಗೆ ಹತ್ತರ ತನಕ ಗುದ್ದಿದರೂ ಮಾತಾಡುವುದಿಲ್ಲ. ಗುದ್ದಿ ನೋಡಿದ್ದೇವೆ. ಹಾಗಾಗಿ ದಿನಕ್ಕೊಂದು ಮನೆ, ಮನೆಗೊಂದು ಅಪ್ಪಣೆ. ಒಮ್ಮೆ ಸರದಿ ಬಂದು ಹೋದರೆ ಮುಂದಿನದು ಇನ್ನೂರ ಹನ್ನೆರಡು ದಿನಕ್ಕೆ.

ಹೊರಗಿನಿಂದ ಬಾಟಲಿ ತರುವ ಏಜೆಂಟ ಒಬ್ಬ ಇದನ್ನೆಲ್ಲ ಕೇಳಿ, "ಈ ಲೆಕ್ಕದಾಗ ಆಟ ಮುಗಿಸೂದು ಯಾವಾಗ್ರಿ?" ಎಂದ. ನಾನು ಅವನ ಮುಖ ನೋಡಿದೆ. ಮುಗಿಸುವುದು! ಊಟಕ್ಕೆ ಕೂತವನನ್ನು ಯಾವಾಗ ಕೈ ತೊಳೆಯುತ್ತೀ ಎಂದು ಕೇಳಿದ ಹಾಗಾಯಿತು. ಆರುನೂರ ಹದಿನೆಂಟು ಕೋಣೆ ನೋಡಿದ್ದೇವೆ. ಪ್ರತಿ ಮನೆಯ ಗೋಡೆಯ ಮೇಲೂ ಕೋಟೆಯ ನಕ್ಷೆ ಇದೆ, ಯಾವ ಎರಡು ಮನೆಯ ನಕ್ಷೆಯೂ ಹೊಂದುವುದಿಲ್ಲ, ಹೊಂದದಿದ್ದಕ್ಕೆ ಎರಡು ಸಂಬಂಧ ಮುರಿದಿವೆ. ಹೊಸ ಕೋಣೆ ಸಿಕ್ಕ ದಿನ ಮಾಸ್ತರರು ಮೈಕಿನಲ್ಲಿ ಅದರ ವರ್ಣನೆ ಓದುತ್ತಾರೆ. ಆಗ ಊರಿನಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ. ಹೊತ್ತಿದ ರೊಟ್ಟಿಯ ವಾಸನೆ ಬಂದರೆ ಕೋಣೆ ಚೆನ್ನಾಗಿದೆ ಎಂದು ಅರ್ಥ.

ಒಗಟು ಬಿಡಿಸುವುದರಲ್ಲಿ ಯಾರು ಜಾಣರೆಂದು ಹೇಳಲು ಬರುವುದಿಲ್ಲ. ಕನ್ನಡಿ ಕೋಣೆಯಲ್ಲಿ ನಲವತ್ತು ದಿನ ಪೂರ್ವಕ್ಕೆ ಹೋಗಿ ಹೋಗಿ ಗೋಡೆಗೆ ತಲೆ ಗುದ್ದಿಕೊಂಡೆವು, ಪಂಚಾಯ್ತಿ ಅಧ್ಯಕ್ಷರು ಭಾಷಣವನ್ನೂ ಮಾಡಿದರು. ನಲವತ್ತೊಂದನೆಯ ದಿನ ಹಡಪದ ಬಾಳಪ್ಪ ಬಂದು "ಪಶ್ಚಿಮಕ್ಕೆ ಹೋಗು" ಎಂದು ಒತ್ತಿ ಊರನ್ನು ಹೊರಗೆ ತಂದ. ದಿನವಿಡೀ ಕ್ಷೌರದ ಕನ್ನಡಿಯಲ್ಲಿ ಜನರ ಎಡಗೆನ್ನೆ ಬಲಗೆನ್ನೆ ನೋಡುವವನಿಗೆ ಅದೇನು ದೊಡ್ಡದು!

ನನ್ನ ಹೆಂಡತಿ ನಿಂಬೆವ್ವನ ದಾರಿಯೇ ಬೇರೆ. ನಮ್ಮ ಮನೆಯ ಸರದಿ ಒಮ್ಮೆ ನನ್ನದು, ಒಮ್ಮೆ ಅವಳದು. ಒಂದು ಸಲ ಇಡೀ ಊರು ಹಗ್ಗ ಹುಡುಕುತ್ತಾ ಕಂಗಾಲಾಗಿದ್ದಾಗ ಇವಳು ಹೋಗಿ "ಮಲ್ಲಿಗೆ ಮೂಸು" ಎಂದು ಒತ್ತಿ ಬಂದಳು. ಜನ ಬೈದರು. ಆದರೆ ಯಂತ್ರ ಹೇಳಿತ್ತು: "ಮಲ್ಲಿಗೆ ಬಾಡಿ ಎರಡು ದಿನವಾಗಿದೆ. ಯಾರೋ ಇದನ್ನು ಮುಡಿದು, ಜಗಳವಾಡಿ, ಕಿತ್ತೆಸೆದಿದ್ದಾರೆ." ಬೈದವರೇ ಒಂದು ತಿಂಗಳು, ಮುಡಿದವಳು ಯಾರು, ಜಗಳ ಯಾರ ಜೊತೆ ಎಂದು ಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡಿದರು.

ಇಷ್ಟೆಲ್ಲ ಇರುವ ಊರಿನಲ್ಲಿ ಒಂದೇ ಒಂದು ಮರ್ಯಾದೆ ಇದೆ. ಉತ್ತರ ಹೊಳೆದವರು ಅದನ್ನು ಇನ್ನೊಬ್ಬರ ಮುಂದೆ ಥಟ್ಟನೆ ಹೇಳಬಾರದು. "ಹೇಳಲೇ?" ಎಂದು ಮೊದಲು ಕೇಳಬೇಕು. ಬೇಡ ಎಂದರೆ ಬಾಯಿ ಮುಚ್ಚಬೇಕು. ಒಂದು ಮದುವೆಯ ಪಂಕ್ತಿಯಲ್ಲಿ ಉತ್ತರವನ್ನು ಕೂಗಿಬಿಟ್ಟವನನ್ನು ಆರು ವರ್ಷ ಯಾರೂ ಊಟಕ್ಕೆ ಕರೆಯಲಿಲ್ಲ. ಅವನ ಹೆಂಡತಿಯನ್ನು ಮಾತ್ರ ಕರೆಯುತ್ತಿದ್ದರು, ಅವಳೂ ಹೋಗುತ್ತಿದ್ದಳು.

ಈಗ ಕಾವಲುಗಾರನ ವಿಷಯ. ಕೋಟೆಯ ಒಳಸುತ್ತಿನಲ್ಲಿ ಉತ್ತರಕ್ಕೆ ಒಂದು ಕಬ್ಬಿಣದ ಬಾಗಿಲು. ಬಾಗಿಲ ಮುಂದೆ ಈಟಿ ಹಿಡಿದ, ಪೇಟ ಸುತ್ತಿದ, ದಪ್ಪ ಮೀಸೆಯ ಒಬ್ಬ ಕಾವಲುಗಾರ. ಪಕ್ಕದಲ್ಲಿ ಅವನ ನಾಯಿ. "ನನ್ನ ಹತ್ತಿರ ಇಲ್ಲದ್ದನ್ನು ಕೊಡು, ಬಾಗಿಲು ಬಿಡುತ್ತೇನೆ" ಎನ್ನುವುದೊಂದೇ ಅವನ ಮಾತು. ನಮ್ಮ ಚೀಲದಲ್ಲಿ ಮೂವತ್ತೊಂದು ವರ್ಷ ಹೆಕ್ಕಿದ ಅರವತ್ತೆಂಟು ವಸ್ತುಗಳಿದ್ದವು. ಏನನ್ನೂ ಎಸೆಯಲು ಊರಿಗೆ ಧೈರ್ಯವಿಲ್ಲ. ಹಗ್ಗ ಕೊಟ್ಟೆವು, ಗಿಂಡಿ ಕೊಟ್ಟೆವು, ಒಡೆದ ಕೊಳಲು ಕೊಟ್ಟೆವು, ಸತ್ತ ಗಿಳಿಯನ್ನೂ ಕೊಟ್ಟೆವು. "ಇದು ನನ್ನ ಹತ್ತಿರ ಇದೆ" ಎಂದು ತಿರುಗಿ ಕೊಟ್ಟ. ಸತ್ತ ಗಿಳಿ ಇವನ ಹತ್ತಿರ ಯಾಕಿದೆ ಎಂದು ಊರು ಒಂದು ವಾರ ತಲೆ ಕೆಡಿಸಿಕೊಂಡಿತು. ಚೀಲ ಮುಗಿಯಿತು. ಆಮೇಲೆ ಜನ ಅವನಿಗೆ ಬೈಗುಳ ಕೊಟ್ಟರು, ಮುತ್ತು ಕೊಟ್ಟರು, ಏಟು ಕೊಟ್ಟರು. ಎಲ್ಲವೂ ಅವನ ಹತ್ತಿರ ಇದ್ದವು.

ಒಂದು ದಿನ ಬೆಳಿಗ್ಗೆ ನಾನು ಸೋಡಾ ತುಂಬುತ್ತಾ ಇದ್ದೆ. ಬಿಸಿಲು ಹಸಿರು ಬಾಟಲಿಗಳ ಮೇಲೆ ಬಿದ್ದು, ಗೋಡೆಯ ಮೇಲೆ ನನ್ನ ನೆರಳು ಎದ್ದು ನಿಂತಿತ್ತು. ಅದನ್ನು ನೋಡಿದವನಿಗೆ ಕಾವಲುಗಾರ ನಿಂತ ಕೋಣೆಯ ವರ್ಣನೆಯ ಒಂದು ಸಾಲು ನೆನಪಾಯಿತು: "ದೀಪದ ಬೆಳಕಿನಲ್ಲಿ ನಿಮ್ಮ ನೆರಳು ಗೋಡೆಯ ಮೇಲೆ ಬಿದ್ದಿದೆ." ನಿಮ್ಮ ನೆರಳು! ಕಾವಲುಗಾರನ ನೆರಳಿನ ಮಾತೇ ಇಲ್ಲ. ಅವನಿಗೆ ನೆರಳಿಲ್ಲ. ಕೈಯಲ್ಲಿದ್ದ ಬಾಟಲಿಯ ಗೋಲಿ ಟಪ್ಪೆಂದು ಕೂತಿತು, ನನ್ನ ತಲೆಯೊಳಗೂ ಹಾಗೆಯೇ ಏನೋ ಕೂತಿತು. "ನೆರಳು ಕೊಡು." ಎರಡೇ ಪದ. ನನ್ನ ಸರದಿಗೆ ನೂರಾ ನಲವತ್ತು ದಿನ ಬಾಕಿ.

ಆ ನೂರಾ ನಲವತ್ತು ದಿನದ ಸುಖವನ್ನು ಏನೆಂದು ಹೇಳಲಿ! ಹೊಸ ಚಪ್ಪಲಿ ಹಾಕಿಕೊಂಡವನ ಹಾಗೆ ಊರಿನಲ್ಲಿ ಓಡಾಡಿದೆ. ಕಟ್ಟೆಯ ಮೇಲೆ ಅಧ್ಯಕ್ಷರು ತಮ್ಮ ಊಹೆ ಹೇಳುವಾಗ ತಲೆಯಾಡಿಸಿದೆ. ಒಳಗೊಳಗೆ ನಕ್ಕೆ. ಆದರೆ ಸುಖದ ಬೆನ್ನಿಗೇ ಹೆದರಿಕೆಯೂ ಇತ್ತು. ದಿನಾ ಹತ್ತು ಗಂಟೆಗೆ ಮೈಕು ಕರಕರ ಎಂದಾಗ ತುಂಬುತ್ತಿದ್ದ ಬಾಟಲಿಯನ್ನು ಕೆಳಗಿಡುತ್ತಿದ್ದೆ: ಇವತ್ತು ಇವನಿಗೆ ಹೊಳೆದಿದ್ದರೆ? ಅಪ್ಪಣೆ ತಪ್ಪಾಯಿತೆಂದು ಕೇಳಿದ ಮೇಲೆಯೇ ನಾನು ರೊಟ್ಟಿ ಮುರಿಯುತ್ತಿದ್ದೆ.

ನನ್ನ ಮುಖ ಓದಿದವಳು ಪಕ್ಕದ ಮನೆಯ ಸಂಕವ್ವ ಒಬ್ಬಳೇ. ಎಂಬತ್ತೆರಡು ವರ್ಷ, ಹಿಂದೆ ಸೂಲಗಿತ್ತಿ. ಊರಿನ ಅರ್ಧ ಜನ ಅವಳ ಕೈಯಲ್ಲಿ ಹೊರಬಿದ್ದವರಾದ್ದರಿಂದ ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವವಳಲ್ಲ. ಅಧ್ಯಕ್ಷರಿಗೇ ಒಮ್ಮೆ ತುಂಬಿದ ಸಭೆಯಲ್ಲಿ, "ನಿನ್ನ ಕುಂಡಿ ಎಲ್ಲಾರಕಿಂತ ಮೊದಲ ನೋಡಿದಾಕಿ ನಾನು, ಕೂಡು ಕೆಳಗ" ಎಂದಿದ್ದಳು. ಆಟದ ಮೊದಲ ದಿನದಿಂದ ಆಡಿದವಳು. ನಾನು ಬಾಟಲಿ ತೊಳೆಯುವಾಗ ಗೋಡೆಯ ಮೇಲಿನಿಂದ ಇಣುಕಿ, "ಏನೋ ಗಿಟ್ಟಿಸೀ ಅನಸ್ತದ?" ಎಂದಳು.

"ಹೇಳಲೇನು ಆಯಿ?" ಎಂದೆ. ಅವಳಿಗಾದರೆ ಹೇಳಬಹುದಿತ್ತು. ಅವಳ ಸರದಿ ನನ್ನ ಮರುದಿನ.

"ಹೇಳಿದ್ರ ನಾಲಿಗಿ ಕಿತ್ತೇನು," ಎಂದಳು ಸಂಕವ್ವ. "ಸಾಯೂತನಕ ಗೊತ್ತಾಗದಿದ್ರೂ ಅಡ್ಡಿಲ್ಲ. ಮಂದಿ ಅಗದ ಅನ್ನ ನನಗ ಬ್ಯಾಡ. ಆದರ ಒಂದು ಮಾತು. ಮುಖ ಸ್ವಲ್ಪ ಮುಚ್ಚಿಕೊಂಡು ಅಡ್ಡಾಡು. ಭಾಳ ಓಲಾಡಾಕತ್ತಿ."

ಮುಖ ಮುಚ್ಚಿಕೊಳ್ಳುವುದನ್ನು ನಾನು ಬಹಳ ಚೆನ್ನಾಗಿ ಕಲಿತೆ. ಅದೇ ಕೆಟ್ಟದ್ದಾಯಿತು.

ಐವತ್ತು ದಿನ ಕಳೆಯುತ್ತಾ ಬಂದಾಗ ಒಂದು ಮಧ್ಯಾಹ್ನ ಛತ್ರಿ ರಿಪೇರಿ ಮಾಡುವ ಮಾಬುಸಾಬ ನನ್ನ ಅಂಗಡಿಗೆ ಬಂದ. ಮೇಲಿನ ಓಣಿಯ ಐವತ್ತೊಂದನೆಯ ಮನೆ, ಮಾರನೆಯ ದಿನ ಅವನ ಸರದಿ. ಮೂವತ್ತೊಂದು ವರ್ಷದಲ್ಲಿ ಅವನ ಒಂದು ಅಪ್ಪಣೆಯೂ ಸರಿಯಾಗಿ ಕೆಲಸ ಮಾಡಿರಲಿಲ್ಲ. ಸೋಡಾ ಕೈಯಲ್ಲಿ ಹಿಡಿದು ಕುಡಿಯದೆ ನಿಂತ.

"ಫಕ್ಕೀರಪ್ಪಣ್ಣ, ನನಗೊಂದು ಹೊಳದೈತಿ. ಹೇಳ್ಲೇನ್ರಿ?"

ಬೇಡ ಎನ್ನಬೇಕಿತ್ತು. ಬೇಡ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಹೆದರಿದ್ದೆ, ಇವನಿಗೂ ನೆರಳು ಹೊಳೆದಿದೆಯೋ ಏನೋ ಎಂದು. "ಹೇಳು ಹೇಳು," ಎಂದೆ.

"ಅವಂಗ ರಜಾ ಕೊಟ್ರ ಹೆಂಗ್ರಿ?" ಎಂದ ಮಾಬುಸಾಬ. "ಎಲ್ಲಾ ಅವನ ಹತ್ರ ಐತಿ. ಆದರ ಆ ಬಾಗಲಾ ಬಿಟ್ಟು ಅಂವಾ ಎಂದರ ಕದಲ್ಯಾನೇನ್ರಿ? ನನ್ನ ಹಂಗ ಅಂವಾ. ಬ್ಯಾಸಿಗ್ಯಾಗ ಬಿಸಲಂತ ಮಂದಿ ಛತ್ರಿ ತರ್ತಾರ, ಮಳಿಗಾಲದಾಗ ಮಳಿ ಅಂತ ತರ್ತಾರ. ಮೂವತ್ತು ವರ್ಷ ಆತು, ಅಂಗಡಿ ಬಾಗಲಾ ಹಾಕಿಲ್ಲ ನಾನು."

ಅದು ಸರಿಯಾದ ಉತ್ತರ ಎಂದು ನನಗೆ ಗೊತ್ತಿತ್ತೆಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಆದರೆ ಚೆಂದದ ಉತ್ತರ ಎಂದು ಗೊತ್ತಿತ್ತು. ನನ್ನದಕ್ಕಿಂತ ಚೆಂದ. ಅಷ್ಟು ಸಾಕಾಯಿತು ನನಗೆ.

"ಹುಚ್ಚ ಅದಿ ಏನು ಮಾಬು? ಚೀಲದಾಗ ಇಲ್ಲದ್ದನ್ನ ಕೊಡಾಕ ಬರ್ತದೇನು? ಮಂದಿ ನಗ್ತಾರ," ಎಂದೆ. ನನ್ನ ನೆರಳು ಯಾವ ಚೀಲದಲ್ಲಿತ್ತೋ ದೇವರಿಗೇ ಗೊತ್ತು. ಅಷ್ಟಕ್ಕೇ ಬಿಡಲಿಲ್ಲ. "ನಾ ಒಂದು ಹೇಳ್ತೀನಿ ಕೇಳು. ಅವನ ಮೀಸಿ ಬಗ್ಗೆ ಇಷ್ಟು ಉದ್ದ ಯಾಕ ಬರದಾರ? ಚೀಲದಾಗ ಬಾಚಣಿಗಿ ಐತಿ. ಮೀಸೆ ಬಾಚು ಅಂತ ಹೊಡಿ."

ಮಾಬುಸಾಬ ನನ್ನನ್ನು ನಂಬಿದ. ಮಾರನೆಯ ದಿನ "ಮೀಸೆ ಬಾಚು" ಎಂದು ಒತ್ತಿದ. ಮಾಸ್ತರರು ಮೈಕಿನಲ್ಲಿ ಓದಿದರು: "ಕಾವಲುಗಾರ ನಿಮ್ಮ ಕೈಗೆ ಫಟ್ಟೆಂದು ಹೊಡೆಯುತ್ತಾನೆ. 'ಬೇರೆ ಕೆಲಸವಿಲ್ಲವೇ?' ಎನ್ನುತ್ತಾನೆ. ನಾಯಿಯೂ ನಗುತ್ತದೆ." ಊರು ನಾಯಿಗಿಂತ ಜೋರಾಗಿ ನಕ್ಕಿತು. ಅವತ್ತಿನಿಂದ ಅವನು ಮೀಸೆಬಾಚು ಮಾಬುಸಾಬನಾದ. ಪಾಪ, ಅವನಿಗೆ ಮೀಸೆಯೇ ಇಲ್ಲ. ಛತ್ರಿ ಕೊಡಲು ಬಂದವರು ಬಾಚಣಿಗೆಯನ್ನೂ ಮುಂದೆ ಹಿಡಿಯುತ್ತಿದ್ದರು. ನಾನೂ ಒಂದೆರಡು ಸಲ ನಕ್ಕೆ. ನಗದಿದ್ದರೆ ಅನುಮಾನ ಬರುತ್ತದಲ್ಲ.

ತೊಂಬತ್ತು ದಿನ ಕಳೆದು ನನ್ನ ಸರದಿ ಬಂತು. ಇಸ್ತ್ರಿ ಅಂಗಿ ಹಾಕಿದೆ. ನಿಂಬೆವ್ವ ನನ್ನ ಮೊಗ ನೋಡಿ, "ಏನ್ ಗೆದ್ದ ಬಂದಂಗ ಹೊಂಟೀರಿ, ಇನ್ನೂ ಹೋಗೇ ಇಲ್ಲ" ಎಂದಳು. ಚಾವಡಿ ತುಂಬಿತ್ತು. ಉತ್ತರ ಸಿಕ್ಕಿದೆ ಎಂದು ನಾನೇ ಎರಡು ದಿನದ ಹಿಂದೆ ಗಾಳಿಯಲ್ಲಿ ಬಿಟ್ಟಿದ್ದೆ. ಮಾಬುಸಾಬ ಬಾಗಿಲ ಹತ್ತಿರ ನಿಂತಿದ್ದ. ನಾನು ಒಂದೊಂದೇ ಗುಂಡಿಯನ್ನು ಎಲ್ಲರಿಗೂ ಕಾಣುವ ಹಾಗೆ ಒತ್ತಿದೆ. ನೆರಳು ಕೊಡು. ಜನರ ಬಾಯಿಂದ "ಆಹಾ" ಎಂಬ ಸದ್ದು ಬಂತು. ಆ "ಆಹಾ" ನನ್ನ ಜೀವನದ ಅತ್ಯಂತ ಸಿಹಿಯಾದ ಸದ್ದು, ಒಟ್ಟು ಮೂರು ಸೆಕೆಂಡು ಇತ್ತು.

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಓದಿದರು: "ಕಾವಲುಗಾರ ತನ್ನ ಕಾಲ ಬಳಿ ನೋಡಿಕೊಳ್ಳುತ್ತಾನೆ. 'ನೆರಳಿಗೇನು, ಹಿಂದಿನ ಅಂಗಳದಲ್ಲಿ ದೊಡ್ಡ ಬೇವಿನ ಮರವಿದೆ. ಅದರ ಕೆಳಗೆ ಹೋಗಿ ಕೂರಲು ನನಗೆ ಪುರುಸೊತ್ತೆಲ್ಲಿದೆ?' ಎನ್ನುತ್ತಾನೆ."

ಯಂತ್ರ ಸುಮ್ಮನಾಯಿತು. ಪುರುಸೊತ್ತು! ನಾನು ತಲೆ ಎತ್ತಿದೆ. ಬಾಗಿಲ ಹತ್ತಿರ ಮಾಬುಸಾಬ ನನ್ನನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ, ಮುರಿದ ಛತ್ರಿಯನ್ನು ಬಿಚ್ಚಿ ಯಾವ ಕಡ್ಡಿ ಹೋಗಿದೆ ಎಂದು ನೋಡುವವನ ಹಾಗೆ. ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದ. ಉಳಿದವರು ಇನ್ನೂ ನನ್ನ ಇಸ್ತ್ರಿ ಅಂಗಿಯನ್ನು ನೋಡಿ ನಗುತ್ತಿದ್ದರು. ಅವರ ತಲೆಗೆ ಏನೂ ಹೋಗಿರಲಿಲ್ಲ.

ಮಧ್ಯಾಹ್ನ ಅವನ ಅಂಗಡಿಗೆ ಹೋದೆ. ತೊಡೆಯ ಮೇಲೆ ಒಂದು ಹೆಂಗಸರ ಛತ್ರಿ ಇಟ್ಟುಕೊಂಡು ಹೊಲಿಯುತ್ತಿದ್ದ. ಕೂಡಿರಿ ಎನ್ನಲಿಲ್ಲ.

"ತಪ್ಪಾತು ಮಾಬು," ಎಂದೆ.

"ಹೇಳ್ಲೇನ್ರಿ ಅಂತ ಕೇಳಿದ್ನಿ," ಎಂದ ಅವನು, ತಲೆ ಎತ್ತದೆ. "ಹೇಳು ಅಂದ್ರಿ."

ಅವನು ದಾರ ಕಚ್ಚಿ ಹರಿದ. "ಉತ್ತರ ಹೋತಂತ ನನಗೇನೂ ಅಷ್ಟು ಸಂಕಟಿಲ್ರಿ. ಇಷ್ಟು ವರ್ಷದಾಗ ಒಂದ ಸಲ ಛಲೋದೊಂದು ಹೊಳದಿತ್ತು. ನೀವು ಜಾಣರು ಅಂತ ನಿಮ್ಮ ಹತ್ರ ತಂದ್ನಿ. ಛಲೋ ಐತಿ ಮಾಬು ಅಂತ ಒಂದ ಮಾತು ಅಂದು, ಆಮ್ಯಾಲೆ ಬೇಕಾರ ತಪ್ಪಸಬೇಕಿತ್ತು." ಮುಂದಿನ ಛತ್ರಿ ಎತ್ತಿಕೊಂಡ. ನಾನು ಹೊರಟು ಬಂದೆ.

ಮನೆಯಲ್ಲಿ ನಿಂಬೆವ್ವನಿಗೆ ಎಲ್ಲ ಹೇಳಿದೆ. ಕಿರುಚುತ್ತಾಳೆ ಎಂದುಕೊಂಡಿದ್ದೆ, ಕಿರುಚಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕಾಳು ಹಸನು ಮಾಡುವುದನ್ನು ನಿಲ್ಲಿಸಿ, ಯಂತ್ರವನ್ನು ನೋಡುವ ಹಾಗೆ ನನ್ನನ್ನು ನೋಡಿ, ಎರಡೇ ಪದ ಹೇಳಿದಳು: "ಮೈಕು ಹಿಡಿ."

ಮಾರನೆಯ ದಿನ ಸಂಕವ್ವನ ಸರದಿ. ಅವಳು ಕೋಲೂರಿಕೊಂಡು ಹತ್ತಕ್ಕೆ ಐದು ನಿಮಿಷ ಮುಂಚೆ ಬಂದಳು. ಕಣ್ಣು ಮಿಣಮಿಣ ಎನ್ನುತ್ತಿದ್ದವು, ಅವಳಿಗೆ ಏನೋ ಹೊಳೆದಿದೆ ಎಂದು ನನಗೆ ತಿಳಿಯಿತು. ನಾನು ಮಾಸ್ತರರ ಕೈಯಿಂದ ಮೈಕು ಇಸಿದುಕೊಂಡೆ.

"ಏ, ಉತ್ತರ ಬೊಗಳಿದ್ರ ಈ ಕೋಲು ನಿನ್ನ ಹಲ್ಲಿಗೆ," ಎಂದಳು ಸಂಕವ್ವ.

"ಉತ್ತರ ಹೇಳಂಗಿಲ್ಲ ಆಯಿ," ಎಂದೆ. ನನ್ನ ದನಿ ಊರಿನ ಎಲ್ಲ ಮೂಲೆಯಿಂದ ನನಗೇ ತಿರುಗಿ ಬಡಿಯುತ್ತಿತ್ತು. "ಮೂರು ತಿಂಗಳ ಹಿಂದ ಮಾಬುಸಾಬ ನನಗ ಒಂದು ಉತ್ತರ ಹೇಳಿದ್ದ. ಅದು ಖರೇ ಇರಬೇಕಂತ ನಿನ್ನೆ ನನಗ ಗೊತ್ತಾತು. ಅವತ್ತು ನನಗ ಹೊಟ್ಟಿಕಿಚ್ಚಾಗಿ, ತಪ್ಪಿಸಿ, ಮೀಸಿ ಬಾಚಾಕ ಹಚ್ಚಿದಾಂವ ನಾನು. ನಗೂದಿದ್ರ ನನ್ನ ನೋಡಿ ನಗ್ರಿ."

ಯಾರೂ ನಗಲಿಲ್ಲ. "ತೊಂಬತ್ತು ದಿನ!" ಎಂದು ಹಿಂದಿನಿಂದ ಯಾರೋ ಕೂಗಿದರು. ಆಮೇಲೆ ಎಲ್ಲರೂ ಕೂಗಿದರು. ಊರಿನ ತೊಂಬತ್ತು ದಿನ ತಿಂದವನು ನಾನು. ಬಾಳಪ್ಪ ನನ್ನ ಅಂಗಿ ಹಿಡಿದ, ಅಧ್ಯಕ್ಷರು ಮೈಕಿಗೆ ಕೈಚಾಚಿದರು. ನಮ್ಮ ಮನೆಯನ್ನು ಸರದಿಯಿಂದಲೇ ತೆಗೆಯಬೇಕು ಎಂದು ಒಬ್ಬರು ಹೇಳಿದಾಗ ನಿಂಬೆವ್ವ ಎದ್ದು ನಿಂತಳು. "ಮುಂದಿನ ಸರದಿ ನಂದು. ಅದನ್ನ ಮುಟ್ಟಿದ್ರ ನೋಡ್ರಿ ಮತ್ತ. ಇವರದು ಅದರ ಮುಂದಿಂದು. ಅದನ್ನ ಮಾಬಣ್ಣಗ ಕೊಡ್ರಿ," ಎಂದಳು. ಹಾಗೆಯೇ ಆಯಿತು. ಸಂಕವ್ವ ಒತ್ತುವ ಮೊದಲು ಮಾಬುಸಾಬ ತನ್ನ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಡಲಿ ಎಂದು ಮಾಸ್ತರರು ಸೂಚಿಸಿದರು. ಅವನು ಮೊದಲು ಒಲ್ಲೆನೆಂದ. ಆಮೇಲೆ ಗೋಡೆಗೆ ತಿರುಗಿ ಬರೆದು, ನಾಲ್ಕು ಮಡಿಕೆ ಮಾಡಿ, ಮಾಸ್ತರರ ಟೋಪಿಯ ಕೆಳಗಿಟ್ಟ.

ಸಂಕವ್ವ ಕೂತಳು. ಒಂ‍ದೇ ಬೆರಳು, ಅದೂ ಸೊಟ್ಟ. ಇಡೀ ಚಾವಡಿ ಅವಳ ಬೆನ್ನು ನೋಡುತ್ತಿತ್ತು. "ಹಿಂದ ಸರೀರಿ, ಹೆರಿಗಿ ಕಂಡಿಲ್ಲೇನು?" ಎಂದು ಬೈದು, ಒತ್ತಿದಳು: ರಜೆ ಕೊಡು.

ಮಾಸ್ತರರು ಓದಿದರು: "ಕಾವಲುಗಾರ ಈಟಿಯನ್ನು ಗೋಡೆಗೆ ಒರಗಿಸುತ್ತಾನೆ. ಪೇಟ ತೆಗೆಯುತ್ತಾನೆ. ಅವನ ತಲೆ ಬೋಳು. 'ಎಷ್ಟು ದಿನ?' ಎಂದು ಕೇಳುತ್ತಾನೆ."

ಕೂಗಿದ ಕೂಗಿಗೆ ಗೋಡೆಯ ಆಚೆ ಎಮ್ಮೆ ಹಗ್ಗ ಹರಿದುಕೊಂಡಿತು. ಜನ ಸಂಕವ್ವನನ್ನು ಎತ್ತಲು ಹೋಗಿ ಕೋಲಿನ ಏಟು ತಿಂದರು. "ಮೊದಲ ಚೀಟಿ ತಗೀರಿ," ಎಂದಳು ಅವಳು. ಮಾಸ್ತರರು ಚೀಟಿ ಬಿಚ್ಚಿದರು. ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ಅದರಲ್ಲಿ "ರಜಾ ಕೊಡು" ಎಂದಿತ್ತು.

"ಇದನ್ನ ಹೊಡದಿದ್ರ ಯಂತ್ರಕ್ಕ ತಿಳೀತಿರಲಿಲ್ಲ," ಎಂದರು ಮಾಸ್ತರರು ಮೆಲ್ಲಗೆ. "ಅದಕ್ಕ ರಜೆ ಅನ್ನಬೇಕು."

ಎಲ್ಲರೂ ಮಾಬುಸಾಬನನ್ನು ನೋಡಿದರು. ಮೊದಲು ನಕ್ಕವನು ಅವನೇ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಹಂಗಾರ ನಾ ಹೊಡದಿದ್ರೂ ಅರ್ಥವಾಗಲಿಲ್ಲ ಅಂತಿತ್ತು!" ಎಂದ. ಸಂಕವ್ವ ಕುರ್ಚಿಯಿಂದ ಎದ್ದು ಅವನ ಗಲ್ಲ ಹಿಂಡಿದಳು. "ಛಲೋ ಉತ್ತರ ಮಗನ," ಎಂದಳು. "ನನಗ ನಿನ್ನೆ ಇವನ ಬೇವಿನ ಮರ ಕೇಳಿದ ಮ್ಯಾಲೆ ಹೊಳೀತು. ನಿನಗ ಮರ ಇಲ್ಲದನ ಹೊಳದಿತ್ತು." ನಾನು ನಗಬೇಕೋ ಬೇಡವೋ ತಿಳಿಯದೆ ಹಲ್ಲು ಕಚ್ಚಿಕೊಂಡು ನಿಂತೆ. ಯಂತ್ರಕ್ಕೆ ತಿಳಿಯುತ್ತಿತ್ತೋ ಇಲ್ಲವೋ ಎನ್ನುವುದು ನನಗೆ ಅವತ್ತು ಗೊತ್ತಿರಲಿಲ್ಲವಲ್ಲ. ನನ್ನ ತಪ್ಪಿನ ತೂಕ ಒಂದು ಗುಂಜಿಯೂ ಕಡಿಮೆಯಾಗಲಿಲ್ಲ.

ಅವತ್ತು ಸಂಜೆಯವರೆಗೆ ಊರು "ಎಷ್ಟು ದಿನ" ಎಂದು ಹೊಡೆದಾಡಿತು. ನೂರಾ ನಲವತ್ತಮೂರನೆಯದು ಗರಡಿಯ ಜಟ್ಟಿಗಳ ಮನೆ. ಅಪ್ಪ ಒಂದು ದಿನ ಸಾಕೆಂದ, ಹಿರಿಮಗ ಒಂದು ವಾರ ಎಂದ, ಕಿರಿಸೊಸೆ ಸತ್ತೇ ಹೋಗುವ ತನಕ ಎಂದಳು, ಅವಳಿಗೆ ಆ ಮನೆಯಲ್ಲಿ ಹದಿನಾಲ್ಕು ಜನರ ಅಡುಗೆ. ಕೊನೆಗೆ ಮರುದಿನ ಅವಳೇ ಹೋಗಿ "ಬೇಕಾದಷ್ಟು ದಿನ" ಎಂದು ಒತ್ತಿದಳು. ಕಾವಲುಗಾರ ನಾಯಿಯನ್ನು ಕರೆದು, "ಹಾಗಾದರೆ ನಾಳಿದ್ದು ಬರುತ್ತೇನೆ" ಎಂದು ಹೊರಟೇಹೋದ. ಬಾಗಿಲು ತೆರೆದಿತ್ತು. ಅಂದರೆ ಮಾರನೆಯ ದಿನವೇ ಒಳಗೆ ನುಗ್ಗಬೇಕು, ತಡಮಾಡಿದರೆ ಮತ್ತೆ ಬಂದು ನಿಲ್ಲುತ್ತಾನೆ. ನೂರಾ ನಲವತ್ನಾಲ್ಕನೆಯ ಮನೆ ಅಧ್ಯಕ್ಷರದು. ಮೂವತ್ತೊಂದು ವರ್ಷದಲ್ಲಿ ಇಷ್ಟು ಸುಲಭದ ಸರದಿ ಯಾರಿಗೂ ಬಂದಿರಲಿಲ್ಲ, ಬಂದದ್ದು ಅವರಿಗೆ. ಅವರು ಅದಕ್ಕೂ ಭಾಷಣ ಬರೆದುಕೊಂಡು ಹೋದರೆಂದು ಕೇಳಿದೆ.

ನಾನು ಅವತ್ತು ಚಾವಡಿಗೆ ಹೋಗಲಿಲ್ಲ, ಹೋಗುವ ಮುಖ ಇರಲಿಲ್ಲ. ಅಂಗಡಿಯಲ್ಲಿ ಕೂತಿದ್ದೆ. ಗಿರಾಕಿಗಳು ಯಾರೂ ಬರುತ್ತಿರಲಿಲ್ಲ. ಹತ್ತು ಗಂಟೆಗೆ ಸ್ವಲ್ಪ ಮುಂಚೆ ಮಾಬುಸಾಬ ಬಂದು ಬೆಂಚಿನ ಮೇಲೆ ಕೂತ. ನಾನು ಒಂದು ಬಾಟಲಿ ಒಡೆದು ಮುಂದಿಟ್ಟೆ. ಅವನು ಕುಡಿದ, ತೇಗಿದ. ಮಾಫಿ ಎಂದರೆ ನಮ್ಮಲ್ಲಿ ಇಷ್ಟೇ, ಇದಕ್ಕಿಂತ ಹೆಚ್ಚು ಹೇಳಿದರೆ ಇಬ್ಬರಿಗೂ ಮುಜುಗರ.

"ಅಂಗಡಿ?" ಎಂದೆ.

"ಬಾಗಲಾ ಹಾಕೀನ್ರಿ," ಎಂದ. "ಹಾಕಿ ಮನ್ಯಾಗ ಕುಂತ್ನಿ. ಏನು ಮಾಡಬೇಕಂತ ತಿಳೀಲಿಲ್ಲ. ಅದಕ್ಕ ಬಂದ್ನಿ."

ಮೈಕು ಕರಕರ ಎಂದಿತು. ಅಧ್ಯಕ್ಷರ ಭಾಷಣ ಶುರುವಾಯಿತು, ಯಾರೋ ನಡುವೆಯೇ ಮೈಕು ಕಿತ್ತುಕೊಂಡ ಸದ್ದಾಯಿತು, ಆಮೇಲೆ ಮಾಸ್ತರರ ದನಿ. ಓಣಿಯ ಉದ್ದಕ್ಕೂ ರೊಟ್ಟಿಯ ಸದ್ದು ನಿಂತಿತು. "ನೀವು ಒಂದು ದುಂಡಗಿನ ದೊಡ್ಡ ಹಜಾರದಲ್ಲಿದ್ದೀರಿ. ಮೇಲೆ ಛಾವಣಿ ಇಲ್ಲ, ಆಕಾಶವಿದೆ. ನೆಲದ ತುಂಬ ಸಣ್ಣ ಸಣ್ಣ ಕೊಡೆಯಂಥ ಹೂಗಳು ಬಿದ್ದಿವೆ. ಇಲ್ಲಿ ಹದಿನೇಳು ಬಾಗಿಲುಗಳಿವೆ."

ಹದಿನೇಳು! ನಾನು ಎದ್ದು ನಿಂತೆ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನನ್ನ ಕೈಗೆ ಆ ಗುಂಡಿಗಳು ಮತ್ತೆ ಸಿಗಲು ಇನ್ನು ಎಂಟುನೂರ ನಲವತ್ತೈದು ದಿನ. ಬೇಸರವಾಗಬೇಕಿತ್ತು. ಆದರೆ ಹದಿನೇಳು ಬಾಗಿಲು, ಒಂದೊಂದರ ಹಿಂದೆ ಎಷ್ಟೆಷ್ಟು ಕೋಣೆಯೋ! ಎದುರಿಗೆ ಮಾಬುಸಾಬ ಬಾಯಿ ತೆರೆದು ಮೈಕಿನ ಕಡೆಗೇ ನೋಡುತ್ತಿದ್ದ. ಪಕ್ಕದ ಓಣಿಯಿಂದ ಹೊತ್ತಿದ ರೊಟ್ಟಿಯ ವಾಸನೆ ತೇಲಿ ಬಂತು.

"ಮೂರನೇದು," ಎಂದ ಮಾಬುಸಾಬ.

"ಹದಿನಾರನೇದು," ಎಂದೆ ನಾನು.

ಬಾಗಿಲುಗಳ ಬಗ್ಗೆ ಯಂತ್ರ ಇನ್ನೂ ಒಂದಕ್ಷರ ಹೇಳಿರಲಿಲ್ಲ. ಆದರೂ ಮಧ್ಯಾಹ್ನದ ಊಟದ ಹೊತ್ತಿಗೆ ನಾವಿಬ್ಬರೂ ಜಗಳಕ್ಕೆ ಬಿದ್ದಿದ್ದೆವು, ನಿಂಬೆವ್ವ ಎರಡು ತಾಟು ತಂದಿಟ್ಟಳು.